ಶುಗರ್ ಮೀಟರ್ ಇದೆ, ಫೀನೈಲ್‌ಅಲನೈನ್ ಮೀಟರ್ ಯಾಕಿಲ್ಲ?

ಪ್ರಶ್ನೆ: ಮೇಡಂ, ನನ್ನ ಮೂರು ವರ್ಷದ ಮಗಳಿಗೆ ಪಿಕೆಯು (ಫೀನೈಲ್‌ಕೀಟೋನ್ಯೂರಿಯಾ) ಇದೆ. ಪ್ರತಿ ಸಲ ಕಾರ್ಡಿನ ಮೇಲೆ ರಕ್ತದ ಹನಿ ಒಣಗಿಸಿ ಬೆಂಗಳೂರಿಗೆ ಕಳಿಸಿ ಕಾಯಬೇಕು. ನಮ್ಮ ಮಾವನವರು ಮನೆಯಲ್ಲೇ ಬೆರಳು ಚುಚ್ಚಿ ಶುಗರ್ ನೋಡಿಕೊಳ್ಳುತ್ತಾರೆ. ಇವಳಿಗೂ ಅಂಥದ್ದೊಂದು ಮೀಟರ್ ಇಲ್ವಾ? ಅದರಲ್ಲೇ ಊಟವನ್ನೂ ಪರೀಕ್ಷೆ ಮಾಡಬಹುದಾ?
– ಒಬ್ಬ ತಾಯಿ, ಹಾಸನ

ಉತ್ತರ: ಬೇರೆ ಓದುಗರಿಗಾಗಿ ಮೊದಲು ಒಂದು ಮಾತು. ಪ್ರೋಟೀನಿನಲ್ಲಿರುವ ಫೀನೈಲ್‌ಅಲನೈನ್ ಎಂಬ ಅಮೈನೊ ಆಮ್ಲವನ್ನು ಬಳಸಿಕೊಳ್ಳಲು ಲಿವರ್‌ನಲ್ಲಿ ಒಂದು ಕಿಣ್ವ ಬೇಕು. ಪಿಕೆಯು ಮಕ್ಕಳಲ್ಲಿ ಅದು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಫೀನೈಲ್‌ಅಲನೈನ್ ರಕ್ತದಲ್ಲಿ ಸೇರಿಕೊಂಡು ಮಿದುಳಿಗೆ ತೊಂದರೆ ಕೊಡುತ್ತದೆ. ಬೇಗ ಗೊತ್ತಾಗಿ ಪಥ್ಯ ಮಾಡಿದರೆ ಮಗು ಚೆನ್ನಾಗಿ ಬೆಳೆಯುತ್ತದೆ. 1980ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ನವಜಾತ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಿದ್ದರು.

ಈಗ ನಿಮ್ಮ ಪ್ರಶ್ನೆ ಅಮ್ಮಾ. ಶುಗರ್ ಸ್ಟ್ರಿಪ್‌ನಲ್ಲಿ ಸಕ್ಕರೆಯನ್ನು ಮಾತ್ರ ಹಿಡಿಯುವ ಕಿಣ್ವ ಇರುತ್ತದೆ. ಅದು ಕೆಲಸ ಮಾಡಿದಾಗ ಹುಟ್ಟುವ ಸಣ್ಣ ಕರೆಂಟನ್ನು ಮೀಟರ್ ಅಳೆಯುತ್ತದೆ. ಇದರ ದಾರಿ ತೋರಿಸಿದ್ದು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್, 1962ರಲ್ಲಿ. ಫೀನೈಲ್‌ಅಲನೈನ್ ಹಿಡಿಯುವ ಕಿಣ್ವಗಳೂ ಇವೆ. ಒಂದು ಹಾವಿನ ವಿಷದಲ್ಲೇ ಸಿಗುತ್ತದೆ, ಎಷ್ಟೋ ಹಾವುಗಳ ವಿಷ ಹಳದಿ ಕಾಣುವುದು ಅದರಿಂದಲೇ! ಆದರೆ ಅದಕ್ಕೆ ಭೇದಭಾವ ಇಲ್ಲ, ಲ್ಯೂಸಿನ್, ಮೆಥಿಯೊನಿನ್‌ನಂಥ ಬೇರೆ ಅಮೈನೊ ಆಮ್ಲ ಬಂದರೂ ಹಿಡಿಯುತ್ತದೆ. ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ ವಾಸಿ. ಅದರಲ್ಲೂ ಕೆಲವು ಟೈರೋಸಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೆ ಮೋಸಹೋಗುತ್ತವೆ.

ದೊಡ್ಡ ತೊಡಕು ಪ್ರಮಾಣದ್ದು. ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 100 ಮಿ.ಗ್ರಾಂ ಇದ್ದರೆ, ಫೀನೈಲ್‌ಅಲನೈನ್ ಸಾಮಾನ್ಯ ಮಗುವಿನಲ್ಲಿ ಸುಮಾರು 1 ಮಿ.ಗ್ರಾಂ. ನಿಮ್ಮ ಮಗಳ ಗುರಿ 2ರಿಂದ 6ರ ಒಳಗೆ ಇರಬಹುದು. ಯೂರಿಕ್ ಆಸಿಡ್, ವಿಟಮಿನ್ ಸಿ, ಜ್ವರಕ್ಕೆ ಕೊಟ್ಟ ಪ್ಯಾರಾಸಿಟಮಾಲ್, ಇವೆಲ್ಲ ಎಲೆಕ್ಟ್ರೋಡಿನ ಮೇಲೆ ತಮ್ಮದೂ ಒಂದಿಷ್ಟು ಕರೆಂಟ್ ಸೇರಿಸುತ್ತವೆ. ಸಕ್ಕರೆಯ ಲೆಕ್ಕದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳುವ ಕಷ್ಟ ಇಲ್ಲಿ. ಪ್ರಯೋಗಾಲಯಗಳಲ್ಲಿ ಇಂಥ ಸೆನ್ಸರ್ ಮಾಡಿ ನೋಡಿದ್ದಾರೆ, ಆದರೆ ಮೆಡಿಕಲ್ ಶಾಪಿಗೆ ಹೋಗಿ ಕೊಳ್ಳುವ ಹಾಗೆ ಇನ್ನೂ ಬಂದಿಲ್ಲ. ಬಂದರೆ ಜಾಸ್ತಿ ಉಪಯೋಗ ಜ್ವರದ ದಿನಗಳಲ್ಲಿ. ಆಗ ಮೈ ತನ್ನದೇ ಪ್ರೋಟೀನ್ ಕರಗಿಸುತ್ತದೆ, ಮಗು ಏನೂ ತಿನ್ನದಿದ್ದರೂ ಲೆಕ್ಕ ಏರುತ್ತದೆ. ಅಂಥ ಹೊತ್ತಿನಲ್ಲಿ ಕಾರ್ಡಿನ ರಿಪೋರ್ಟಿಗೆ ಕಾಯೋದು ಎಷ್ಟು ಕಷ್ಟ ಅಂತ ಲ್ಯಾಬಿನಲ್ಲಿ ಕೂತು ಫೋನ್ ಎತ್ತಿದವಳಿಗೆ ಗೊತ್ತು.

ಅಲ್ಲಿಯವರೆಗೆ ಕಾರ್ಡನ್ನೇ ಚೆನ್ನಾಗಿ ಮಾಡಿ. ವೃತ್ತ ಪೂರ್ತಿ ತುಂಬಲಿ, ಹಿಂಬದಿಗೂ ಇಂಗಲಿ. ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಒಣಗಲಿ. ಪ್ರತಿ ಸಲವೂ ಒಂದೇ ಹೊತ್ತಿಗೆ ತೆಗೆಯಿರಿ. ಬೆಳಿಗ್ಗೆಯ ಲೆಕ್ಕ ಬೇರೆ, ಸಂಜೆಯದು ಬೇರೆ.

ಊಟಕ್ಕೆ ಈ ಮೀಟರ್ ಬಂದರೂ ಪ್ರಯೋಜನವಿಲ್ಲ. ಅನ್ನದಲ್ಲಿ, ಬೇಳೆಯಲ್ಲಿ ಫೀನೈಲ್‌ಅಲನೈನ್ ಪ್ರೋಟೀನಿನೊಳಗೆ ಪೋಣಿಸಿಕೊಂಡಿರುತ್ತದೆ. ಸೆನ್ಸರ್ ಬಿಡಿಯಾಗಿರುವುದನ್ನು ಮಾತ್ರ ಹಿಡಿಯುತ್ತದೆ. ಬಿಡಿಸಬೇಕೆಂದರೆ ಲ್ಯಾಬಿನಲ್ಲಿ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ ಸುಮಾರು 24 ಗಂಟೆ ಕಾಯಿಸುತ್ತಾರೆ. ಅಡುಗೆಮನೆ ಕೆಲಸ ಅಲ್ಲ ಅಲ್ವಾ? ನಿಮಗೆ ಲೆಕ್ಕವೇ ಸಾಕು: 1 ಗ್ರಾಂ ಪ್ರೋಟೀನಿಗೆ ಸುಮಾರು 50 ಮಿ.ಗ್ರಾಂ ಫೀನೈಲ್‌ಅಲನೈನ್. ನೂರು ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಅಂದರೆ 350 ಮಿ.ಗ್ರಾಂ. ತೀವ್ರ ಪಿಕೆಯು ಇರುವ ಎಷ್ಟೋ ಮಕ್ಕಳ ಇಡೀ ದಿನದ ಪಾಲು ಅಷ್ಟರಲ್ಲೇ ಮುಗಿಯುತ್ತದೆ. ತೊಗರಿಬೇಳೆಯಲ್ಲಿ ಪ್ರೋಟೀನೇ ಅಕ್ಕಿಯ ಸುಮಾರು ಮೂರರಷ್ಟು. ನಿಮ್ಮ ಮಗಳ ಪಾಲು ಎಷ್ಟೆಂದು ಡಾಕ್ಟರು, ಡಯಟಿಷಿಯನ್ ಹೇಳಬೇಕು. ‘ಶುಗರ್ ಫ್ರೀ’ ಪಾನೀಯ, ಚ್ಯೂಯಿಂಗ್ ಗಮ್ ಕೊಡುವ ಮೊದಲು ಲೇಬಲ್‌ನಲ್ಲಿ ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಇದೆಯಾ ನೋಡಿ. ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಫೀನೈಲ್‌ಅಲನೈನೇ.

ಪ್ರಶ್ನೆ: ಗೋಬಿ ಮಂಚೂರಿಗೆ ಟೇಸ್ಟಿಂಗ್ ಪೌಡರ್ ಹಾಕಿದ್ದಾರಾ ಅಂತ ಕಂಡುಹಿಡಿಯೋ ಸೆನ್ಸರ್ ಇದೆಯಾ?
– ಕಾಲೇಜು ಹುಡುಗ, ದಾವಣಗೆರೆ

ಉತ್ತರ: ಟೇಸ್ಟಿಂಗ್ ಪೌಡರ್ ಅಂದರೆ ಗ್ಲುಟಮೇಟ್‌ನ ಉಪ್ಪು. ಗ್ಲುಟಮೇಟ್ ಅಳೆಯುವ ಸೆನ್ಸರ್ ಇದೆ ಮಾರಾಯ, ಆಹಾರದ ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಟೊಮೆಟೊ ಸಾಸ್‌ನಲ್ಲೂ ಸೋಯಾ ಸಾಸ್‌ನಲ್ಲೂ ಅದೇ ಗ್ಲುಟಮೇಟ್ ಇರುತ್ತದೆ. ಎಷ್ಟಿದೆ ಅಂತ ಸೆನ್ಸರ್ ಹೇಳುತ್ತದೆ, ಯಾವ ಬಾಟಲಿಯಿಂದ ಬಂತು ಅಂತ ಹೇಳುವುದಿಲ್ಲ. ಗಾಡಿಯವರನ್ನೇ ಕೇಳು. ಸಾಮಾನ್ಯವಾಗಿ ಡಬ್ಬಿ ಎದುರಿಗೇ ಇರುತ್ತದೆ.