ಆಲೂಗಡ್ಡೆ ತಿಂದರೆ ದಪ್ಪ ಆಗ್ತಾರೆ, ಶುಗರ್ ಬರುತ್ತೆ ಅನ್ನೋದು ನಿಜಾನಾ? ಅದರಲ್ಲಿ ಸತ್ವ ಅಂತ ಏನಾದರೂ ಇದೆಯಾ?

ಈ ಪ್ರಶ್ನೆಯ ಹಿಂದೆ ನೀವು ಕೇಳಿರೋದು ಎರಡು ವಿಷಯ. ಶುಗರ್ ಇರುವ ಅಪ್ಪನಿಗೆ ಆಲೂಗಡ್ಡೆ ಪೂರ್ತಿ ಬಿಡಿಸಬೇಕಾ ಅನ್ನೋದು ಒಂದು. ಮಕ್ಕಳು ಬೇರೆ ತರಕಾರಿ ಮುಟ್ಟದೆ ದಿನಾ ಆಲೂಗಡ್ಡೆ ಪಲ್ಯಾನೇ ಕೇಳಿದರೆ ಕೊಡಬಹುದಾ ಅನ್ನೋದು ಇನ್ನೊಂದು. ಅಪ್ಪನಿಗೆ ಪೂರ್ತಿ ಬಿಡಿಸಬೇಕಿಲ್ಲ. ಮಕ್ಕಳಿಗೂ ಕೊಡಬಹುದು. ಆದರೆ ಎರಡೂ ಕಡೆ ಒಂದೇ ಷರತ್ತು: ಆಲೂಗಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ, ಅನ್ನ-ಚಪಾತಿ ಲೆಕ್ಕಕ್ಕೆ ಹಿಡಿಯಿರಿ.

ನಾನು ಡಾಕ್ಟರಲ್ಲ. ಹಾಸನದ ಕಡೆಯವಳು. ನಮ್ಮಲ್ಲಿ ಮುಂಗಾರಿಗೆ ಆಲೂಗಡ್ಡೆ ಹಾಕುತ್ತಾರೆ, ಮನೆಯಲ್ಲಿ ಅಮ್ಮನಿಗೆ ಶುಗರ್ ಇದೆ. ಹಾಗಾಗಿ ಈ ಪ್ರಶ್ನೆ ನಮ್ಮ ಅಡುಗೆಮನೆಯಲ್ಲೂ ಬಂದದ್ದೇ. ಅದಕ್ಕೆ ಅಂತ ಓದಿದ್ದನ್ನೂ ಮಾಡಿ ನೋಡಿದ್ದನ್ನೂ ಬರೀತಿದ್ದೀನಿ.

ಮೊದಲು ಒಳಗೆ ಏನಿದೆ ನೋಡೋಣ. ಹಸಿ ಆಲೂಗಡ್ಡೆ ನೂರು ಗ್ರಾಂ ತಗೊಂಡರೆ ಅದರಲ್ಲಿ ಸುಮಾರು 79 ಗ್ರಾಂ ಬರೀ ನೀರು. ಪಿಷ್ಟ ಮತ್ತು ಉಳಿದ ಕಾರ್ಬೋಹೈಡ್ರೇಟ್ ಸೇರಿ 17 ಗ್ರಾಂ, ಪ್ರೋಟೀನ್ 2 ಗ್ರಾಂ, ನಾರು 2 ಗ್ರಾಂ ಚಿಲ್ಲರೆ. ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕ್ಯಾಲೊರಿ 77ರ ಆಸುಪಾಸು. ಸಿಪ್ಪೆ ಸಮೇತ ಬೇಯಿಸಿದ್ದು 87. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಇರುತ್ತೆ. ಅಂದರೆ ತೂಕಕ್ಕೆ ತೂಕ ನೋಡಿದರೆ ನಾವು ಯಾವತ್ತೂ ಅನುಮಾನಿಸದ ಅನ್ನವೇ ಜಾಸ್ತಿ!

ಅದೂ ಅಲ್ಲದೆ ಬೇಯಿಸಿದ ಆಲೂಗಡ್ಡೆ ಹೊಟ್ಟೆ ತುಂಬಿಸುತ್ತೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ತಿಂಡಿಗಳನ್ನು ಒಂದೇ ಕ್ಯಾಲೊರಿ ಬರುವ ಹಾಗೆ ಅಳೆದು ಜನರಿಗೆ ಕೊಟ್ಟು, ಮುಂದಿನ ಎರಡು ಗಂಟೆ ಹಸಿವು ಎಷ್ಟು ಅಂತ ಕೇಳುತ್ತಾ ಹೋದರು. ಬಿಳಿ ಬ್ರೆಡ್‌ಗೆ 100 ಅಂಕ ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಇಡೀ ಪಟ್ಟಿಯಲ್ಲಿ ಅದೇ ಮೊದಲು.

ಹಾಗಾದರೆ ದಪ್ಪ ಆಗೋದು ಹೇಗೆ? ನಮ್ಮ ತಟ್ಟೆ ನೋಡಿ. ಮಸಾಲೆ ದೋಸೆ ಅಂದರೆ ಅಕ್ಕಿ, ಅದರೊಳಗೆ ಆಲೂಗಡ್ಡೆ. ಪೂರಿ-ಸಾಗು ಅಂದರೆ ಗೋಧಿ, ಪಕ್ಕದಲ್ಲಿ ಆಲೂಗಡ್ಡೆ. ಅನ್ನ-ಸಾರಿನ ಜೊತೆ ನೆಂಚಿಕೊಳ್ಳೋಕೆ ಆಲೂಗಡ್ಡೆ ಫ್ರೈ. ವಡಾ ಪಾವ್ ಅಂತೂ ಕೇಳಲೇಬೇಡಿ, ಆಲೂಗಡ್ಡೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮತ್ತೆ ಬನ್ ಒಳಗೆ ಇಡ್ತಾರೆ. ಯುರೋಪಿನ ಎಷ್ಟೋ ಕಡೆ ಆಲೂಗಡ್ಡೆಯೇ ಊಟದ ಅನ್ನ. ನಮ್ಮಲ್ಲಿ ಅದು ಅನ್ನದ ಮೇಲೊಂದು ಅನ್ನ. ಬ್ರಿಟನ್ನಿನಲ್ಲಿ ದಿನಕ್ಕೆ ಐದು ಪಾಲು ಹಣ್ಣು-ತರಕಾರಿ ತಿನ್ನಿ ಅಂತ ಸರ್ಕಾರದ ಸಲಹೆ ಇದೆಯಲ್ಲ, ಅದರಲ್ಲಿ ಆಲೂಗಡ್ಡೆ ಲೆಕ್ಕಕ್ಕೇ ಬರೋದಿಲ್ಲ. ಅಷ್ಟೊಂದು ಆಲೂಗಡ್ಡೆ ತಿನ್ನೋ ದೇಶವೇ ಹಾಗೆ ಹೇಳುತ್ತೆ.

ಲೆಕ್ಕ ಸುಲಭ. ಒಂದು ಮಧ್ಯಮ ಗಾತ್ರದ ಆಲೂಗಡ್ಡೆ ಸುಮಾರು 150 ಗ್ರಾಂ ತೂಗುತ್ತೆ. ಬೇಯಿಸಿದಾಗ ಅದರಲ್ಲಿ 30 ಗ್ರಾಂನಷ್ಟು ಕಾರ್ಬೋಹೈಡ್ರೇಟ್. ಸಾಧಾರಣ ಗಾತ್ರದ ಒಂದೂವರೆ ಚಪಾತಿಯಲ್ಲಿ ಇರೋದೂ ಹೆಚ್ಚುಕಮ್ಮಿ ಅಷ್ಟೇ. ಆಲೂಗಡ್ಡೆ ಪಲ್ಯ ಇದ್ದ ದಿನ ಒಂದು ಚಪಾತಿ ಕಡಿಮೆ ಮಾಡಿ, ಮುಗೀತು. ನಮ್ಮಮ್ಮ ಮೊದಲು ಇದಕ್ಕೆ ಒಪ್ಪಲಿಲ್ಲ. "ಪಲ್ಯಕ್ಕೂ ಚಪಾತಿಗೂ ಏನು ಸಂಬಂಧ?" ಅಂತ ವಾದ. ಊಟವಾದ ಎರಡು ಗಂಟೆಗೆ ಮನೆಯ ಮೀಟರ್‌ನಲ್ಲಿ ನೋಡ್ಕೊಳ್ಳೋ ಅಭ್ಯಾಸ ಆದಮೇಲೆ ಅವರೇ ತಟ್ಟೆ ಹೊಂದಿಸಿಕೊಳ್ಳೋಕೆ ಶುರು ಮಾಡಿದರು. ಈಗ ಪಲ್ಯ ಬಡಿಸಿದ ತಕ್ಷಣ ಒಂದು ಚಪಾತಿ ಎತ್ತಿ ನನ್ನ ತಟ್ಟೆಗೆ ಹಾಕ್ತಾರೆ, ಕೇಳೋದೂ ಇಲ್ಲ.

ಶುಗರ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಆಲೂಗಡ್ಡೆಯ ಪಿಷ್ಟ ಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಬೇಗ ಏರಿಸುತ್ತೆ, ಅದು ನಿಜ. ಎಷ್ಟು ಬೇಗ ಅನ್ನೋದು ನಾವು ಅದನ್ನು ಏನು ಮಾಡ್ತೀವಿ ಅನ್ನೋದರ ಮೇಲೂ ಇದೆ. ನುಣ್ಣಗೆ ಕಿವುಚಿ ಬಿಸಿಬಿಸಿ ತಿಂದರೆ ಬೇಗ ಏರುತ್ತೆ. ಹೋಳು ಗಟ್ಟಿ ಇರುವ ಹಾಗೆ ಬೇಯಿಸಿ ತಿಂದರೆ ಅದಕ್ಕಿಂತ ನಿಧಾನ. ಬೇಯಿಸಿ ಆರಿಸಿ ಫ್ರಿಜ್‌ನಲ್ಲಿ ಇಟ್ಟರೆ ಪಿಷ್ಟದ ಒಂದು ಭಾಗ ಮತ್ತೆ ಗಟ್ಟಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದ ಹಾಗೆ ಆಗುತ್ತೆ. ರೆಸಿಸ್ಟೆಂಟ್ ಸ್ಟಾರ್ಚ್ ಅನ್ನೋದು ಇದನ್ನೇ. ಅದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತೆ. ಮತ್ತೆ ಬಿಸಿ ಮಾಡಿದರೂ ಸ್ವಲ್ಪ ಭಾಗ ಹಾಗೇ ಉಳಿಯುತ್ತೆ. ರಾತ್ರಿ ಬೇಯಿಸಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕಿ ಪಲ್ಯ ಮಾಡೋದು ಇದಕ್ಕೆ ಸರಿಹೋಗುತ್ತೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಹುಳಿಯೂ ಸ್ವಲ್ಪ ಕೈ ಹಿಡಿಯುತ್ತೆ. ಹಾಗಂತ ಎರಡು ಬಟ್ಟಲು ತಿನ್ನಬಹುದು ಅಂತ ಅಲ್ಲ, ವ್ಯತ್ಯಾಸ ಸಣ್ಣದೇ.

2025ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅಮೆರಿಕದ 2 ಲಕ್ಷಕ್ಕೂ ಹೆಚ್ಚು ಜನರ ಊಟದ ವಿವರವನ್ನು ದಶಕಗಳ ಕಾಲ ಹಿಂಬಾಲಿಸಿದ ಮಾಹಿತಿ ಅದು. ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈಸ್ ತಿನ್ನುವವರಲ್ಲಿ ಟೈಪ್ 2 ಡಯಾಬಿಟಿಸ್ ಅಪಾಯ ಸುಮಾರು ಶೇ 20ರಷ್ಟು ಹೆಚ್ಚು ಕಂಡಿತು. ಬೇಯಿಸಿದ, ಸುಟ್ಟ, ಕಿವುಚಿದ ಆಲೂಗಡ್ಡೆಯಲ್ಲಿ ಅಂಥ ಗಣನೀಯ ಹೆಚ್ಚಳ ಕಾಣಲಿಲ್ಲ. ಆಲೂಗಡ್ಡೆ ಬದಲು ಇಡಿ ಧಾನ್ಯ ತಿಂದರೆ ಅಪಾಯ ಇಳಿಯುತ್ತೆ, ಬಿಳಿ ಅನ್ನ ತಿಂದರೆ ಏರುತ್ತೆ ಅನ್ನೋದೂ ಅದರಲ್ಲೇ ಇದೆ. ಇಂಥ ಅಧ್ಯಯನದಿಂದ ಕಾರಣ ಇದೇ ಅಂತ ಸಾಬೀತಾಗಲ್ಲ, ನಂಟು ಮಾತ್ರ ಗೊತ್ತಾಗುತ್ತೆ. ಆದರೂ ಶುಗರ್ ಅಂತ ಆಲೂಗಡ್ಡೆ ಬಿಟ್ಟು, ಅದರ ಬದಲು ಎರಡು ಸೌಟು ಅನ್ನ ಜಾಸ್ತಿ ಹಾಕಿಸಿಕೊಳ್ಳೋ ನಮ್ಮೂರಿನ ಹಿರಿಯರಿಗೆ ಇದನ್ನು ಓದಿ ಹೇಳಬೇಕು ಅನ್ಸುತ್ತೆ.

ಕರಿದ ಕೂಡಲೇ ಆಲೂಗಡ್ಡೆ ಬೇರೆಯದೇ ಪದಾರ್ಥ. ಬಾಣಲೆಯಲ್ಲಿ ನೀರು ಆವಿಯಾಗಿ ಹೋಗುತ್ತೆ, ಆ ಜಾಗಕ್ಕೆ ಎಣ್ಣೆ ಬರುತ್ತೆ. ನೂರು ಗ್ರಾಂ ಫ್ರೆಂಚ್ ಫ್ರೈಸ್‌ನಲ್ಲಿ 310 ಕ್ಯಾಲೊರಿ ಆಸುಪಾಸು, ಚಿಪ್ಸ್‌ನಲ್ಲಿ 530ರ ಹತ್ತಿರ, ಅದರಲ್ಲಿ ಎಣ್ಣೆಯೇ 35 ಗ್ರಾಂ. ಉಪ್ಪು ಬೇರೆ. ಜಾಸ್ತಿ ಕೆಂಪಗೆ ಕರಿದಾಗ ಅಕ್ರಿಲಮೈಡ್ ಅನ್ನೋ, ಕ್ಯಾನ್ಸರ್ ತರಬಹುದು ಅನ್ನೋ ಅನುಮಾನವಿರುವ ರಾಸಾಯನಿಕವೂ ಹುಟ್ಟುತ್ತೆ. 2002ರಲ್ಲಿ ಸ್ವೀಡನ್ನಿನವರು ಇದನ್ನು ಪತ್ತೆ ಮಾಡಿದರು. ಹಾಗಾಗಿ ಕರಿಯೋದೇ ಆದರೆ ಹೊಂಬಣ್ಣಕ್ಕೆ ನಿಲ್ಲಿಸಿ, ಕಂದು ಬಣ್ಣಕ್ಕೆ ಬಿಡಬೇಡಿ. ಕೋಲ್ಡ್ ಸ್ಟೋರೇಜಿನಿಂದ ಬಂದ ಗಡ್ಡೆ ಸ್ವಲ್ಪ ಸಿಹಿ ಇರುತ್ತಲ್ವಾ? ತಣ್ಣಗೆ ಇಟ್ಟಾಗ ಪಿಷ್ಟ ಸಕ್ಕರೆಯಾಗಿರುತ್ತೆ. ಅಂಥದ್ದನ್ನು ಕರಿದರೆ ಬೇಗ ಕಪ್ಪಾಗುತ್ತೆ. ಹುಳಿಗೋ ಸಾಗುಗೋ ಹಾಕಿ, ಚಿಪ್ಸ್‌ಗೆ ಬೇಡ.

ಒಳ್ಳೆಯ ಗುಣಗಳಿಗೆ ಬರೋಣ. ಮುಖ್ಯವಾದವು ಎರಡು: ಪೊಟ್ಯಾಸಿಯಂ ಮತ್ತು ವಿಟಮಿನ್ ಸಿ. ಸಿಪ್ಪೆ ಸಮೇತ ಬೇಯಿಸಿದ ಒಂದು ಮಧ್ಯಮ ಗಡ್ಡೆಯಲ್ಲಿ 550 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರುತ್ತೆ, ಅಂದರೆ ದಿನಕ್ಕೆ ಬೇಕಾದ್ದರಲ್ಲಿ ಸುಮಾರು ಆರನೇ ಒಂದು ಭಾಗ. ತೂಕಕ್ಕೆ ತೂಕ ಇಟ್ಟರೆ ಬಾಳೆಹಣ್ಣಿಗೆ ಕಮ್ಮಿ ಏನಿಲ್ಲ. ಬಿಪಿ ಹತೋಟಿಗೆ ಪೊಟ್ಯಾಸಿಯಂ ಬೇಕು, ಆದರೆ ಮೇಲೆ ಉಪ್ಪು ಸುರಿದರೆ ಆ ಲಾಭ ಅಲ್ಲಿಗೇ ಹೋಯ್ತು. ವಿಟಮಿನ್ ಸಿ ಅದೇ ಗಡ್ಡೆಯಲ್ಲಿ 20 ಮಿಲಿಗ್ರಾಂ ಸುಮಾರು. ನೆಲ್ಲಿಕಾಯಿ, ಸೀಬೆ ಮುಂದೆ ಇದು ಏನೇನೂ ಅಲ್ಲ. ಆದರೆ ದಿನಾ ಹೊಟ್ಟೆ ತುಂಬ ಆಲೂಗಡ್ಡೆ ತಿನ್ನೋರಿಗೆ ಅದೇ ದೊಡ್ಡ ಆಸರೆ. ಐರ್ಲೆಂಡಿನ ಬಡವರು ಆಲೂಗಡ್ಡೆ-ಮಜ್ಜಿಗೆಯಲ್ಲೇ ಗಟ್ಟಿಯಾಗಿ ಬದುಕಿದ್ದರು. 1845ರಿಂದ ಅಂಗಮಾರಿ ರೋಗಕ್ಕೆ ಬೆಳೆ ನಾಶವಾದಾಗ ಪರಿಹಾರಕ್ಕೆ ಅಂತ ಮೆಕ್ಕೆಜೋಳದ ಹಿಟ್ಟು ಕೊಟ್ಟರು. ಅದರಲ್ಲಿ ವಿಟಮಿನ್ ಸಿ ಇಲ್ಲ. ಹಸಿವಿನ ಜೊತೆಗೆ ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ಕಾಯಿಲೆಯೂ ಹಬ್ಬಿತು. ಅದೇ ಅಂಗಮಾರಿ ಇವತ್ತಿಗೂ ಹಾಸನದ ರೈತರ ನಿದ್ದೆ ಕೆಡಿಸುತ್ತೆ. ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿದರೆ ಸಾಕು, ಎಲೆ ಕಪ್ಪಾಗೋಕೆ ಶುರು.

ಇಲ್ಲದ್ದು ಏನು ಅಂತಲೂ ಹೇಳಬೇಕು. ವಿಟಮಿನ್ ಎ ಇಲ್ಲ ಅನ್ನಬಹುದು, ಬಿ12 ಇಲ್ಲ, ಕ್ಯಾಲ್ಸಿಯಂ ಅತ್ಯಲ್ಪ.

ಸತ್ವವೆಲ್ಲ ಸಿಪ್ಪೆಯಲ್ಲೇ ಇದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತೆ. ಪೂರ್ತಿ ಸರಿ ಅಲ್ಲ. ಸಿಪ್ಪೆಯಲ್ಲಿ ನಾರು ಹೆಚ್ಚು, ನಿಜ. ಪೊಟ್ಯಾಸಿಯಂ, ವಿಟಮಿನ್ ಸಿ ಬಹುಪಾಲು ಒಳಗೇ ಇರುತ್ತೆ. ಸಿಪ್ಪೆಯಿಂದ ದೊಡ್ಡ ಉಪಕಾರ ಬೇಯಿಸುವಾಗ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದರೆ ಸತ್ವ ನೀರಿಗೆ ಹೋಗೋದು ಕಡಿಮೆ. ಹೆಚ್ಚಿ ಬೇಯಿಸಿ ನೀರು ಬಸಿದರೆ ಒಂದಷ್ಟು ಸಿಂಕಿಗೆ ಹೋಯ್ತು ಅಂತಲೇ. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದವರಿಗೆ ಮಾತ್ರ ಇದೇ ಉಲ್ಟಾ ಬೇಕು: ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ನಿಮ್ಮ ಅಪ್ಪನಿಗೆ ಶುಗರ್ ಹಳೆಯದಾದರೆ ಕಿಡ್ನಿ ರಿಪೋರ್ಟ್ ಒಂದು ಸಲ ನೋಡಿ, ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಿ.

ಹಸಿರು ಬಣ್ಣ ಬಂದ ಗಡ್ಡೆ ತರಲೇಬೇಡಿ. ಬಿಸಿಲು, ಲೈಟು ಬಿದ್ದಾಗ ಹಸಿರಾಗುತ್ತೆ. ಆ ಹಸಿರು ಎಲೆಯ ಹಸಿರೇ, ಅದರಿಂದ ತೊಂದರೆ ಇಲ್ಲ. ಆದರೆ ಅದೇ ಬೆಳಕಿಗೆ ಸೋಲನೈನ್ ತರದ ವಿಷವೂ ಸಿಪ್ಪೆಯ ಕೆಳಗೆ ಹೆಚ್ಚುತ್ತೆ. ಕುಕ್ಕರಿನಲ್ಲಿ ಕೂಗಿಸಿದರೂ ಅದು ಹೋಗಲ್ಲ. ಲಂಡನ್ನಿನ ಒಂದು ಶಾಲೆಯಲ್ಲಿ ಹಿಂದಿನ ಟರ್ಮಿನಲ್ಲಿ ಉಳಿದಿದ್ದ ಮೂಟೆಯ ಆಲೂಗಡ್ಡೆ ತಿಂದು 78 ಹುಡುಗರು ವಾಂತಿ-ಭೇದಿಯಿಂದ ಮಲಗಿದ್ದು 1979ರಲ್ಲಿ ವರದಿಯಾಗಿತ್ತು. ಸಣ್ಣ ಮೊಳಕೆ ಬಂದು ಗಡ್ಡೆ ಗಟ್ಟಿ ಇದ್ದರೆ, ಕಣ್ಣಿನ ಸುತ್ತ ಆಳವಾಗಿ ಕೆತ್ತಿ ತೆಗೆದು ಬಳಸಬಹುದು. ಸುಕ್ಕಾಗಿ ಉದ್ದುದ್ದ ಮೊಳಕೆ ಬಂದಿದ್ದರೆ, ತಿಂದಾಗ ಕಹಿ ಅನ್ನಿಸಿದರೆ ಎಸೆಯಿರಿ. ಅಸಿಡಿಟಿಗೆ ಹಸಿ ಆಲೂಗಡ್ಡೆ ಜ್ಯೂಸ್ ಕುಡಿಯಿರಿ ಅನ್ನೋ ವಿಡಿಯೊಗಳನ್ನು ನಾನಂತೂ ನಂಬಲ್ಲ.

ಆಲೂಗಡ್ಡೆ ವಾಯು ಅಂತ ನಮ್ಮಜ್ಜಿ ಇಂಗಿಲ್ಲದೆ ಒಗ್ಗರಣೆ ಹಾಕುತ್ತಿರಲಿಲ್ಲ. ಹೆಚ್ಚಿನವರಿಗೆ ಅಷ್ಟೇನೂ ಆಗಲ್ಲ. ಆದರೆ ಮೇಲೆ ಹೇಳಿದ ಆರಿಸಿಟ್ಟ ಆಲೂಗಡ್ಡೆಯಲ್ಲಿ ಜೀರ್ಣವಾಗದ ಪಿಷ್ಟ ಕರುಳಿನಲ್ಲಿ ಹುದುಗುತ್ತಲ್ಲ, ಅದರಿಂದ ಕೆಲವರಿಗೆ ಹೊಟ್ಟೆ ಉಬ್ಬರ ಬರಬಹುದು. ಇಂಗು ಹಾಕಿ, ರುಚಿಗಾದರೂ ಆಯ್ತು. (ತಿಥಿ ಅಡುಗೆಗೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಆಲೂಗಡ್ಡೆ ಹಾಕಲ್ಲ. ಅದು ಹೊರಗಿನಿಂದ ಬಂದ ತರಕಾರಿ ಅಂತ. ಮೆಣಸಿನಕಾಯಿಯೂ ಅಮೆರಿಕ ಖಂಡದ ಕಡೆಯಿಂದಲೇ ಬಂದದ್ದು ಅಂತ ಹೇಳೋಕೆ ಹೋದರೆ ಭಟ್ಟರಿಗೆ ಸಿಟ್ಟು ಬರುತ್ತೆ.)

ಇನ್ನು ನಿಮ್ಮ ಮಕ್ಕಳ ವಿಷಯ. ಓಡಾಡೋ ಮಕ್ಕಳಿಗೆ ಆಲೂಗಡ್ಡೆಯ ಕ್ಯಾಲೊರಿ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅದು ಬೇರೆ ತರಕಾರಿಯ ಜಾಗ ತಿಂದುಹಾಕುತ್ತೆ ಅನ್ನೋದೇ ತೊಂದರೆ. ಜಗಳ ಆಡಿ ಬಿಡಿಸೋ ಬದಲು ಆಲೂಗಡ್ಡೆಯ ಜೊತೆಗೇ ಬೇರೆಯದನ್ನು ಸೇರಿಸಿ. ನಮ್ಮನೆಯಲ್ಲಿ ಮೆಂತ್ಯ ಸೊಪ್ಪು ಹೀಗೇ ಒಳಗೆ ಬಂತು. ಮೊದಲು ಹಿಡಿಯಷ್ಟು ಸೊಪ್ಪು, ಆಮೇಲೆ ಅರ್ಧ ಕಟ್ಟು, ಈಗ ಸೊಪ್ಪು-ಆಲೂಗಡ್ಡೆ ಸಮಸಮ. ಹಸಿ ಬಟಾಣಿ ಸೇರಿಸಿದರೆ ಪ್ರೋಟೀನೂ ಬರುತ್ತೆ. ಬೀನ್ಸ್ ಮಾತ್ರ ನನ್ನ ಮಗ ಇವತ್ತಿಗೂ ಹುಡುಕಿ ಹುಡುಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡ್ತಾನೆ. ಅದಕ್ಕೆ ಉಪಾಯ ಗೊತ್ತಿದ್ದರೆ ನೀವೇ ನನಗೆ ಹೇಳಿ.