ಹಾಡಿನ ಸಮಸ್ತ ಹಕ್ಕುಗಳನ್ನೂ ಆಡಿಯೊ ಕಂಪನಿಗೆ ಬರೆದುಕೊಟ್ಟ ಮೇಲೆ ಸಂಯೋಜಕರಿಗೆ ಏನು ಉಳಿಯುತ್ತದೆ?

ನೀವು ರಾಗಸಂಯೋಜನೆ ಮಾಡಿರುವ ಭಾವಗೀತೆಗಳ ಆಲ್ಬಮ್‌ಗೆ ಆಡಿಯೊ ಕಂಪನಿಯೊಂದು ಒಂದೇ ಗಂಟಿನಲ್ಲಿ ಹಣ ಕೊಟ್ಟು, ‘ಈಗಿರುವ ಮತ್ತು ಮುಂದೆ ಬರಬಹುದಾದ ಸಮಸ್ತ ಹಕ್ಕುಗಳನ್ನೂ’ ಬರೆಸಿಕೊಳ್ಳಲು ಹೊರಟಿದೆ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ ಬಂದ 2012ರ ತಿದ್ದುಪಡಿಯ ನಂತರವೂ ಹೀಗೆ ಬರೆದುಕೊಟ್ಟರೆ ನಿಮ್ಮ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಉಳಿಯುತ್ತದೆ. ಕೃತಿಸ್ವಾಮ್ಯದ ಒಡೆತನ ಕಂಪನಿಗೆ ಹೋಗಬಹುದು, ಆದರೆ ರಾಯಧನದಲ್ಲಿ, ಅಂದರೆ ಹಾಡಿನ ಬಳಕೆಗೆ ಸಲ್ಲುವ ರಾಯಲ್ಟಿಯಲ್ಲಿ, ನಿಮಗಿರುವ ಪಾಲು ಹೋಗುವುದಿಲ್ಲ. ಸಂಗೀತದ ಕರಾರುಪತ್ರಗಳನ್ನು ಓದುವುದೇ ಕಸುಬಾಗಿರುವ ವಕೀಲನಾಗಿ ನಾನು ಆ ತಿದ್ದುಪಡಿಯನ್ನು ಬಹಳ ದೊಡ್ಡ ನ್ಯಾಯವೆಂದೇ ಭಾವಿಸುತ್ತೇನೆ.

ಅದಕ್ಕೆ ಮೊದಲಿನ ಸ್ಥಿತಿ ಬೇರೆಯಿತ್ತು. ಸಿನಿಮಾಕ್ಕೆಂದು ಹಣ ಪಡೆದು ರಚಿಸಿದ ಸಂಗೀತ ಮತ್ತು ಸಾಹಿತ್ಯಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕರೇ ಮೊದಲ ಒಡೆಯರು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ನಿರ್ಮಾಪಕರಿಂದ ಹಕ್ಕು ಆಡಿಯೊ ಕಂಪನಿಗೆ ದಾಟುತ್ತಿತ್ತು; ಆಮೇಲೆ ಹಾಡು ಎಲ್ಲಿ ಎಷ್ಟು ಬಾರಿ ಮೊಳಗಿದರೂ ಅದನ್ನು ಕಟ್ಟಿದವರಿಗೆ ಸಾಮಾನ್ಯವಾಗಿ ಚಿಕ್ಕಾಸೂ ಬರುತ್ತಿರಲಿಲ್ಲ.

2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿಯು ಕಾಯ್ದೆಯ 18ನೇ ಕಲಮಿಗೆ ಕೆಲವು ಷರತ್ತುಗಳನ್ನು ಸೇರಿಸಿತು. ಅದರಂತೆ ಕವಿಯಾಗಲಿ ಸಂಯೋಜಕರಾಗಲಿ, ಹಕ್ಕು ಪಡೆದವರೊಂದಿಗೆ ಸಮಪಾಲಿನಲ್ಲಿ ತಮಗೆ ಸಲ್ಲಬೇಕಾದ ರಾಯಧನವನ್ನು ತಮ್ಮ ಕಾನೂನುಬದ್ಧ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸೊಸೈಟಿಗೆ (ಹಕ್ಕುದಾರರ ಪರವಾಗಿ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆಗೆ) ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಹಾಕಿದ್ದರೂ ಆ ಒಪ್ಪಂದ ಅನೂರ್ಜಿತ. ಸಿನಿಮಾ ಹಾಡು ಚಿತ್ರದ ಜೊತೆಗೇ ಚಿತ್ರಮಂದಿರದಲ್ಲಿ ಕೇಳಿಸಿದರೆ ಈ ಪಾಲು ಇಲ್ಲ, ಆದರೆ ನಿಮ್ಮ ಆಲ್ಬಮ್‌ಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ಇನ್ನು ‘ಮುಂದೆ ಬರಬಹುದಾದ’ ಎಂಬ ಮಾತು. ಕರಾರಿನ ಹೊತ್ತಿಗೆ ಬಳಕೆಯಲ್ಲೇ ಇಲ್ಲದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸದೆ ಅದರ ಹಕ್ಕನ್ನು ಪಡೆಯಲಾಗದು ಎಂದು ಅದೇ ಕಲಮು ಹೇಳುತ್ತದೆ. ಆದ್ದರಿಂದ ಇಂಥ ಸಾರಾಸಗಟು ಒಕ್ಕಣೆಗೆ ಕಂಪನಿ ಎಣಿಸಿದಷ್ಟು ಬಲವಿಲ್ಲ. ಅವಧಿಯನ್ನು ಬರೆಯದಿದ್ದರೆ ಐದು ವರ್ಷ, ಪ್ರದೇಶವನ್ನು ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮಿನಲ್ಲಿದೆ. ಆ ಎರಡು ಸಾಲುಗಳನ್ನು ಹುಡುಕಿ ಓದಿ.

ಇದರಿಂದ ಪ್ರಕಾಶಕರಿಗೆ, ಅಂದರೆ ಹಕ್ಕು ಪಡೆದ ಕಂಪನಿಗಳಿಗೆ, ಬರೀ ನಷ್ಟವಾಯಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬಂದ ಹಣವನ್ನು ಹಂಚಿಕೊಳ್ಳಬೇಕು, ನಿಜ. ಕೃತಿಸ್ವಾಮ್ಯ ಸೊಸೈಟಿಯ ಆಡಳಿತದಲ್ಲೂ ಒಡೆಯರ ಮತ್ತು ರಚನಕಾರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ಆದರೆ ಹಾಡು ಬಳಸುವವರಿಂದ ಹಣ ವಸೂಲಾಗಬೇಕಾದಾಗ ಇಬ್ಬರ ಹಿತವೂ ಒಂದೇ. ಧ್ವನಿಮುದ್ರಿಕೆಗೆ ಹಣ ಕೊಟ್ಟಾಗಿದೆ, ಸಾಹಿತ್ಯಕ್ಕೂ ಸಂಗೀತಕ್ಕೂ ಪ್ರತ್ಯೇಕವಾಗಿ ಏಕೆ ಕೊಡಬೇಕು ಎಂಬ ಎಫ್‌ಎಂ ವಾಹಿನಿಗಳ ವಾದವನ್ನು 2023ರಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ ತಳ್ಳಿಹಾಕಿದ್ದು ಇದೇ ತಿದ್ದುಪಡಿಯ ಆಧಾರದ ಮೇಲೆ. ಹಾಗೆ ಬರುವ ಹಣದಲ್ಲಿ ಪ್ರಕಾಶಕರಿಗೂ ಪಾಲುಂಟು.

ಭಾವಗೀತೆಯಾದ್ದರಿಂದ ಕವಿಯನ್ನೂ ಮರೆಯುವಂತಿಲ್ಲ. ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕವಿತೆಯ ಹಕ್ಕು ಉಳಿಯುತ್ತದೆ; ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕವಿತೆಗಳಿಗೆ 2041ರ ಕೊನೆಯವರೆಗೆ ರಕ್ಷಣೆಯಿದೆ. ಹಕ್ಕುದಾರರ ಲಿಖಿತ ಅನುಮತಿಯನ್ನು ಧ್ವನಿಮುದ್ರಣಕ್ಕೆ ಮೊದಲೇ ಪಡೆಯಿರಿ.

ಕೊನೆಯದಾಗಿ, ಕಾನೂನು ಕೊಟ್ಟ ಪಾಲು ತಾನಾಗಿ ಬ್ಯಾಂಕ್ ಖಾತೆಗೆ ಬಂದು ಬೀಳುವುದಿಲ್ಲ. ಹಾಡಿನ ಸಾಹಿತ್ಯ ಮತ್ತು ಸಂಗೀತಕ್ಕಿರುವ ಕೃತಿಸ್ವಾಮ್ಯ ಸೊಸೈಟಿಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವ ಪಡೆದು ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ. ಕಂಪನಿಯು ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಏರಿಸುವಾಗ ಸಂಯೋಜಕರ ಮತ್ತು ಕವಿಯ ಹೆಸರುಗಳನ್ನು ಬಿಡದೆ ನಮೂದಿಸಬೇಕೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿಯೇ ಸಹಿ ಹಾಕಿ. ಹೆಸರೇ ಇಲ್ಲದ ಹಾಡಿನ ರಾಯಧನವನ್ನು ಯಾರಿಗೆ ಕೊಡಬೇಕೆಂದು ಸೊಸೈಟಿಗೂ ತಿಳಿಯುವುದಿಲ್ಲ.