ಮೂಗಿನ ಅಳತೆಯಿಂದ ಜನಾಂಗ ತಿಳಿಯುತ್ತದೆಯೇ?

ಜನಾಂಗಗಳ ಮೇಲು-ಕೀಳನ್ನು ವಿಜ್ಞಾನವೇ ಒಪ್ಪಿತ್ತಲ್ಲವೇ ಎಂದು ಧಾರವಾಡದ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಅಂದಿನ ಅನೇಕ ವಿಜ್ಞಾನಿಗಳು ಒಪ್ಪಿದ್ದು ನಿಜ, ಅದನ್ನು ಮುಚ್ಚಿಡಬಾರದು. ಬ್ರಿಟಿಷ್ ಭಾರತದ 1901ರ ಜನಗಣತಿಯ ಆಯುಕ್ತರಾಗಿದ್ದ ಹರ್ಬರ್ಟ್ ರಿಸ್ಲೆ, ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ, ಆ ಅಂಕಿ ಹೆಚ್ಚಾದಷ್ಟೂ ಜಾತಿಯ ಸ್ಥಾನ ಕೆಳಗಿಳಿಯುತ್ತದೆ ಎಂದು ವಾದಿಸಿದರು. ಅಳೆಯುವ ಮೊದಲೇ ತೀರ್ಮಾನ ಸಿದ್ಧವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಅದೇ ಅಳತೆ ತಿರುಗಿಬಿದ್ದದ್ದೂ ಉಂಟು. 1920ರ ದಶಕದ ಕೊನೆಯಲ್ಲಿ ಭಾರತದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರ್ಲಿನ್‌ನಲ್ಲಿ, ಜನಾಂಗವಾದಿಯಾಗಿದ್ದ ಓಯ್ಗೆನ್ ಫಿಷರ್ ಅವರ ಕೈಕೆಳಗೆ ತಲೆಬುರುಡೆಗಳನ್ನು ಅಳೆದು, ಬುರುಡೆಯ ಎಡಬಲದ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಗುರುವಿನ ನಿರೀಕ್ಷೆಗೆ ವಿರುದ್ಧವಾಗಿ ಬರೆದರು. ಆ ಧೈರ್ಯ ಸಣ್ಣದಲ್ಲ. 1972ರಲ್ಲಿ ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್, ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು 85 ಶೇಕಡಾ ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು ಲೆಕ್ಕ ಹಾಕಿದರು; ಅಂದರೆ ಜನಾಂಗ ಜನಾಂಗಗಳ ನಡುವಿನ ವ್ಯತ್ಯಾಸ ಸಣ್ಣ ಪಾಲು ಮಾತ್ರ.

ನಮ್ಮ ಕಲಘಟಗಿ ಕಡೆಯ ಸಿದ್ದಿಗಳ ವಂಶವಾಹಿಗಳಲ್ಲಿ ಆಫ್ರಿಕಾದ ಮೂಲವೂ ಭಾರತೀಯ ಮೂಲವೂ ಕಾಣುತ್ತವೆ. ಅವರ ಬುದ್ಧಿ, ಗುಣಗಳ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಹೀಗಿದ್ದೂ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ, ಅಚ್ಚ ಕನ್ನಡದಲ್ಲಿ ಜೋಳದ ದರ ಕೇಳಿದ ಸಿದ್ದಿ ಹೆಣ್ಣುಮಗಳಿಗೆ “ಯಾವ ದೇಶದಾಕಿ ನೀ?” ಎಂದು ಮರುಪ್ರಶ್ನೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.